ಭಂಗಾರಕ್ಕೆ ಹಾಕುವ ಮುನ್ನ



ಕಳೆದ ಒಂದು ವರ್ಷದಲ್ಲಿ ನನಗೆ ಅತಿ ಹೆಚ್ಚು ಬಾರಿ ದೊರೆತ ಉಪದೇಶವೆಂದರೆ, ಹಿಂದಿನ ಕೋಣೆಯಲ್ಲಿರುವ ಎರಡು ಕಪಾಟುಗಳನ್ನು ಖಾಲಿ ಮಾಡಬೇಕು ಎಂಬುದು. ಅವುಗಳಲ್ಲಿ ಇರುವುದು ಗ್ರಾಮಫೋನ್ ಪ್ಲೇಟುಗಳು, ಕ್ಯಾಸೆಟ್ಟುಗಳು, ಸಿ.ಡಿ.ಗಳು, ಒಂದಿಷ್ಟು ವಿ.ಸಿ.ಡಿ. ಮತ್ತು ಡಿ.ವಿ.ಡಿ.ಗಳು. ಪುಣೆಯಲ್ಲಿ ನೌಕರಿಯಲ್ಲಿರುವ ನನ್ನ ತಮ್ಮನ ಮಗನ ವಾದ ಸರಳವಾದುದು: “ಕಾಕಾ, ಇದನ್ನೆಲ್ಲಾ ಯಾಕ ಇಟ್ಕೊಂಡು ಕುಂತೀರಿ? ಎಲ್ಲಾ ಮೊಬೈಲ್‌ನಾಗ ಸಿಗತೈತಿ. ಭಂಗಾರಕ್ಕ ಹಾಕಿಬಿಡ್ರಿ.” ಹಳೆಯ ವಿದ್ಯಾರ್ಥಿಯೊಬ್ಬನು ಇನ್ನಷ್ಟು ವಿನಯದಿಂದ, “ಸರ್, ನಿಮ್ಮ ಫೋನಿನಾಗ ಒಂದು ಆ್ಯಪ್ ಹಾಕಿಕೊಡತೀನ್ರಿ, ಜಗತ್ತಿನ ಸಂಗೀತ ಎಲ್ಲಾ ಅದರಾಗ ಬರತೈತ್ರಿ” ಎಂದನು.

ಇದರಲ್ಲಿ ಪ್ರೀತಿಯಿದೆ, ಬಲ್ಲೆ. ಆದರೆ ಪ್ರೀತಿಯಿಂದ ಹೇಳಿದ್ದೆಲ್ಲ ಸತ್ಯವಾಗಬೇಕೆಂದಿಲ್ಲ. (ದೂರದ ಊರುಗಳಲ್ಲಿ ಬೆಳೆದ ಮೊಮ್ಮಕ್ಕಳಿಗಾಗಿ ಒಂದು ಮಾತು: ನಮ್ಮ ಗಡಿಭಾಗದಲ್ಲಿ ಭಂಗಾರವೆಂದರೆ ಗುಜರಿ. ಅದಕ್ಕೂ ಬಂಗಾರಕ್ಕೂ ಇರುವ ಅಂತರ ಒಂದು ಮಹಾಪ್ರಾಣದಷ್ಟು ಮಾತ್ರ.)

ಈ ಬರಹ ಆ ಉಪದೇಶಕ್ಕೆ ಉತ್ತರ. ನನ್ನ ವಾದವನ್ನು ವ್ಯಾಕರಣದಿಂದಲೇ ಆರಂಭಿಸುತ್ತೇನೆ. ‘ಸಿಗುತ್ತದೆ’ ಎಂಬ ಮಾತಿಗೆ ಕೊಡುವವನೊಬ್ಬ ಬೇಕು. ಅವನು ಕೊಡುವಷ್ಟು ದಿನ, ಅವನು ಹೇಳಿದ ಕರಾರಿನಂತೆ ಸಿಗುತ್ತದೆ. ‘ಇದೆ’ ಎಂಬ ಮಾತಿಗೆ ಅಂಥವನ ಹಂಗಿಲ್ಲ. ನನ್ನ ಕಪಾಟಿನಲ್ಲಿ ಅಬ್ದುಲ್ ಕರೀಮ್ ಖಾನರು ಇದ್ದಾರೆ. ನಿಮ್ಮ ಮೊಬೈಲಿನಲ್ಲಿ ಅವರು ಸಿಗುತ್ತಾರೆ. ಇವೆರಡೂ ಒಂದೇ ಎಂದು ನೀವು ತಿಳಿದಿರುವುದೇ ನನ್ನ ತಕರಾರು.

ಮೊದಲು ಎದುರು ಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡುತ್ತೇನೆ. ಅನುಕೂಲದ ಮಾತಿನಲ್ಲಿ ಡೌನ್‌ಲೋಡಿಗೆ ಸಾಟಿಯಿಲ್ಲ. ಒಂದು ಕಾಲದಲ್ಲಿ ಒಳ್ಳೆಯ ಶಾಸ್ತ್ರೀಯ ಸಂಗೀತದ ಪ್ಲೇಟು ಬೇಕೆಂದರೆ ನಾವು ನಿಪ್ಪಾಣಿಯಿಂದ ಉತ್ತರಕ್ಕೆ ಕೊಲ್ಹಾಪುರಕ್ಕೋ ದಕ್ಷಿಣಕ್ಕೆ ಬೆಳಗಾವಿಗೋ ಬಸ್ಸು ಹತ್ತಬೇಕಿತ್ತು. ಅಂಗಡಿಯವನು ‘ಬಂದಿಲ್ಲ, ಮುಂದಿನ ತಿಂಗಳು ಬರ್ರಿ’ ಎಂದರೆ ಬರಿಗೈಯಲ್ಲಿ ಮರಳಬೇಕಿತ್ತು. ಇಂದು ಹಾಸಿಗೆಯಲ್ಲಿ ಮಲಗಿದಲ್ಲಿಯೇ ಗಂಗೂಬಾಯಿ ಹಾನಗಲ್ಲರನ್ನು ಕೇಳಬಹುದು. ಮೊಣಕಾಲು ನೋವಿನವನಾದ ನಾನು ಇದನ್ನು ಅಲ್ಲಗಳೆಯಲಾರೆ. ಪರದೇಶದಲ್ಲಿರುವ ನಿಮಗಂತೂ ಇದು ವರವೇ ಸರಿ. ನಾನೂ ಮೊಬೈಲಿನಲ್ಲಿ ಕೇಳುತ್ತೇನೆ. ಕೇಳುವುದಕ್ಕೆ ನನ್ನ ವಿರೋಧವಿಲ್ಲ. ಮೊಬೈಲಿನಲ್ಲಿ ಕೇಳಬಹುದು, ಆದ್ದರಿಂದ ಕಪಾಟಿನಲ್ಲಿರುವುದನ್ನು ಬಿಸಾಡಬಹುದು ಎಂಬ ‘ಆದ್ದರಿಂದ’ಕ್ಕೆ ವಿರೋಧ.

ನಮ್ಮ ಊರು ತಂಬಾಕಿನಿಂದ ಹೆಸರಾಗಿರಬಹುದು. ಆದರೆ ನಕಾಶೆಯಲ್ಲಿ ಒಮ್ಮೆ ನೋಡಿ. ಧಾರವಾಡದಿಂದ ಕೊಲ್ಹಾಪುರಕ್ಕೆ ಹೋಗುವ ಹೆದ್ದಾರಿ ನಮ್ಮನ್ನು ಹಾಯ್ದೇ ಹೋಗುತ್ತದೆ. ಈಶಾನ್ಯಕ್ಕೆ, ಕಾಗವಾಡದ ಆಚೆ ಮಿರಜ. ಹಿಂದುಸ್ತಾನಿ ಸಂಗೀತದ ಎರಡು ದೊಡ್ಡ ಮನೆಗಳ ನಡುವಿನ ಅಂಗಳದಲ್ಲಿ ನಾವಿದ್ದೇವೆ. ಮಿರಜದಲ್ಲಿ ನೆಲೆಸಿದ್ದ ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು 1937ರಲ್ಲಿ ತೀರಿಕೊಂಡರು. ಕೊಲ್ಹಾಪುರದ ಶಾಹೂ ಮಹಾರಾಜರ ಆಸ್ಥಾನದಲ್ಲಿದ್ದ ಜೈಪುರ ಘರಾಣೆಯ ಅಲ್ಲಾದಿಯಾ ಖಾನರು ತೀರಿಕೊಂಡದ್ದು 1946ರಲ್ಲಿ, ಅಂದರೆ ಒಂಬತ್ತು ವರ್ಷ ತಡವಾಗಿ. ಆದರೂ ಇಂದು ನಾವು ಕೇಳಬಲ್ಲದ್ದು ಮೊದಲನೆಯವರ ಧ್ವನಿಯನ್ನು ಮಾತ್ರ. ಅವರು ಧ್ವನಿಮುದ್ರಿಕೆಗೆ ಒಪ್ಪಿದರು, ಇವರು ಒಪ್ಪಲಿಲ್ಲ. ಮಂಜಿಖಾನ್, ಭೂರ್ಜಿಖಾನರಂಥ ಮಕ್ಕಳಿಗೆ, ಅವರ ಮೂಲಕ ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ವಿದ್ಯೆಯನ್ನು ಧಾರೆಯೆರೆದ ಮಹಾನುಭಾವರ ಕಂಠ ಹೇಗಿತ್ತೆಂಬುದನ್ನು ನಾವು ಊಹಿಸಿಕೊಳ್ಳಬೇಕಷ್ಟೆ.

ಮೂರು, ಮೂರೂವರೆ ನಿಮಿಷದ ಅರಗಿನ ಪ್ಲೇಟು ಎಂದು ಹಗುರವಾಗಿ ಕಾಣಬೇಡಿ. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳಿ ಮರುಳಾಗಿ 1933ರಲ್ಲಿ ಗುರುವನ್ನರಸುತ್ತ ಮನೆ ಬಿಟ್ಟದ್ದು ಸರ್ವವಿದಿತ. ಕೊನೆಗೆ ಅವರು ಕಲಿತದ್ದು ಅದೇ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರ್ಕರರ ಭೈರವಿಯಂತೂ 1977ರಲ್ಲಿ ವೊಯೇಜರ್ ನೌಕೆಗಳ ಜೊತೆ ಅಂತರಿಕ್ಷಕ್ಕೇ ಹೋಯಿತು. ಹೇಗೆ ಹೋಯಿತು? ಚಿನ್ನದ ಲೇಪವಿರುವ ತಾಮ್ರದ ತಟ್ಟೆಯ ಮೇಲೆ, ಗೆರೆ ಕೊರೆದು. ಇಲ್ಲಿ ಮಾತ್ರ ಭಂಗಾರವೂ ಬಂಗಾರವೂ ಒಂದಾದವು ಎನ್ನಬೇಕು.

ಇನ್ನು ಗುಣಮಟ್ಟದ ಮಾತು. ಇದರಲ್ಲಿ ಎರಡೂ ಕಡೆಯವರು ಸಾಕಷ್ಟು ಸುಳ್ಳು ಹೇಳುತ್ತಾರೆ. ಲೆಕ್ಕ ಮಾಡಿಯೇ ನೋಡೋಣ, ಏಳನೆಯ ಇಯತ್ತೆಯ ಗಣಿತ ಸಾಕು. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಟ್ಟಿರುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಎಂದು ಎರಡರಿಂದ ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. 2000ರ ಆಸುಪಾಸಿನಲ್ಲಿ ಎಲ್ಲರೂ ಮುಗಿಬಿದ್ದು ಇಳಿಸಿಕೊಂಡ 128 ಕಿಲೋಬಿಟ್‌ನ ಎಂ.ಪಿ.3 ಫೈಲಿನಲ್ಲಿ ಇರುವುದು 1,28,000. ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಉಳಿದ ಹತ್ತು ಪಾಲು ಎಲ್ಲಿ ಹೋಯಿತು? ಸಂತೆಯ ಗದ್ದಲದಲ್ಲಿ ಪಕ್ಕದವನ ಪಿಸುಮಾತು ಕೇಳಿಸುವುದಿಲ್ಲವಷ್ಟೆ? ಅದೇ ತತ್ತ್ವದ ಮೇಲೆ, ದೊಡ್ಡ ಧ್ವನಿಯ ಮರೆಯಲ್ಲಿ ಕಿವಿಗೆ ಹೇಗೂ ಕೇಳಿಸದು ಎಂದು ಯಂತ್ರವು ತೀರ್ಮಾನಿಸಿದ ಸಣ್ಣ ಧ್ವನಿಗಳನ್ನು ಅದು ಒರಟಾಗಿ ಬರೆಯುತ್ತದೆ, ಇಲ್ಲವೇ ಬಿಟ್ಟೇಬಿಡುತ್ತದೆ.

ಡೋಲು ಬಡಿಯುವ ಸಿನಿಮಾ ಹಾಡಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ನಷ್ಟವೆಲ್ಲ ತಂಬೂರಿಯದು. ಮಿರಜದ ಕುಶಲಕರ್ಮಿಗಳು ತಂಬೂರಿಯ ಕುದುರೆಯನ್ನು ಅರದಿಂದ ಉಜ್ಜಿ ಉಜ್ಜಿ ಜವಾರಿ ತೆಗೆಯುವುದನ್ನು ನೀವು ನೋಡಿರಬಹುದು (ಅಲ್ಲಿಯ ತಂಬೂರಿಗೂ ಸಿತಾರಿಗೂ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ). ನಾಲ್ಕೇ ತಂತಿಗಳಿಂದ ಹತ್ತಾರು ಸ್ವರಗಳ ಝೇಂಕಾರ ಏಳುವುದು ಆ ಜವಾರಿಯಿಂದ. ಆ ಝೇಂಕಾರ ಬಲು ಸೂಕ್ಷ್ಮ, ಬಲು ಮೇಲಿನದು. ಕೆಟ್ಟ ಎಂ.ಪಿ.3ಯಲ್ಲಿ ಅದು ನೀರಿನಲ್ಲಿ ಅದ್ದಿ ತೆಗೆದಂತೆ ಕೇಳಿಸುತ್ತದೆ. ಗಾಯಕನ ಧ್ವನಿ ಸರಿಯಾಗಿಯೇ ಇರುತ್ತದೆ, ಅವನು ನಿಂತ ನೆಲ ಮಾತ್ರ ಇರುವುದಿಲ್ಲ.

ಆದರೆ ನ್ಯಾಯದ ಮಾತೆಂದರೆ, ಇದು ಹಳೆಯ ಕಥೆ. 320 ಕಿಲೋಬಿಟ್‌ನ ಫೈಲನ್ನೂ ಸಿ.ಡಿ.ಯನ್ನೂ ಕಣ್ಣು ಕಟ್ಟಿ ಕೇಳಿಸಿದರೆ ಬಹುತೇಕರು ಗುರುತಿಸಲಾರರು. ನನ್ನ ವಯಸ್ಸಿನ ಕಿವಿಯಂತೂ ಸಾಧ್ಯವೇ ಇಲ್ಲ. 2021ರಿಂದ ಆ್ಯಪಲ್‌ನವರು ಏನನ್ನೂ ಬಿಡದ, ಸಿ.ಡಿ.ಗೆ ಸಮನಾದ ಧ್ವನಿಯನ್ನು ಜಾಲದಲ್ಲಿಯೇ ಕೊಡುತ್ತಿದ್ದಾರೆ. (ಅದನ್ನು ನೀವು ವೈರಿಲ್ಲದ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳಿದರೆ ದಾರಿಯಲ್ಲಿ ಮತ್ತೆ ಕತ್ತರಿ ಬೀಳುತ್ತದೆ, ಅದು ಬೇರೆ ಮಾತು.) ಎಲ್‌.ಪಿ. ಪ್ಲೇಟಿನ ಧ್ವನಿಯೇ ‘ಬೆಚ್ಚಗೆ’ ಎಂದು ಸಾವಿರಗಟ್ಟಲೆ ರೂಪಾಯಿ ಕೊಟ್ಟು ಹೊಸ ಪ್ಲೇಟು ಕೊಳ್ಳುವ ಪಟ್ಟಣದ ಶೋಕಿಯೂ ನನಗೆ ಒಪ್ಪಿಗೆಯಿಲ್ಲ. ನಾನು ಆ ಪ್ಲೇಟುಗಳೊಂದಿಗೆ ಬಾಳಿದವನು. ಅದರಲ್ಲಿ ಬೆಚ್ಚಗಿರುವುದಕ್ಕಿಂತ ಚಟಪಟ ಸದ್ದೇ ಹೆಚ್ಚು. ವಿ.ಸಿ.ಡಿ.ಯ ಚಿತ್ರವಂತೂ ಮಸುಕು ಮಸುಕು. ಇಂದಿನ ಮೊಬೈಲಿನ ಚಿತ್ರ ಅದಕ್ಕಿಂತ ನೂರು ಪಾಲು ಮೇಲು. ಆದುದರಿಂದ ತಟ್ಟೆ ಎಂದ ಮಾತ್ರಕ್ಕೆ ಉತ್ತಮ, ಫೈಲು ಎಂದ ಮಾತ್ರಕ್ಕೆ ಕೀಳು ಎಂಬ ಜಗಳದಲ್ಲಿ ನಾನಿಲ್ಲ.

ನನ್ನ ಜಗಳ ಎಲ್ಲಿದೆ ಎಂದರೆ, ಫೈಲನ್ನು ಅವರು ನಿಮಗೆ ಹೇಗೆ ಕೊಡುತ್ತಾರೆ ಎಂಬಲ್ಲಿ. ಎಲ್‌.ಪಿ.ಯ ಹೊದಿಕೆಯ ಹಿಂಬದಿಯಲ್ಲಿ ರಾಗ ಯಾವುದು, ತಾಳ ಯಾವುದು, ತಬಲಾ ಯಾರು, ಹಾರ್ಮೋನಿಯಂ ಯಾರು ಎಂದು ಬರೆದಿರುತ್ತಿದ್ದರು. ಗಾಯಕರ ಗುರುಪರಂಪರೆಯ ಕುರಿತು ತಿಳಿದವರೊಬ್ಬರ ಟಿಪ್ಪಣಿ ಇರುತ್ತಿತ್ತು. ನಾನು ಸಂಗೀತವನ್ನು ಯಾವ ಶಾಲೆಯಲ್ಲಿಯೂ ಕಲಿತವನಲ್ಲ. ವಿಲಂಬಿತ ಯಾವುದು, ದ್ರುತ ಯಾವುದು, ಒಂದೇ ರಾಗವನ್ನು ಕಿರಾಣಾದವರು ಹೇಗೆ ಹಾಡುತ್ತಾರೆ, ಜೈಪುರದವರು ಹೇಗೆ ಹಾಡುತ್ತಾರೆ ಎಂಬ ನನ್ನ ಅಲ್ಪಸ್ವಲ್ಪ ತಿಳಿವಳಿಕೆ ಆ ಹೊದಿಕೆಗಳನ್ನು ಓದಿ ಬಂದದ್ದು. ಮೊಬೈಲಿನಲ್ಲಿ ಕಲಾವಿದನ ಒಂದು ಚಿತ್ರ, ಒಂದು ಹೆಸರು ಬರುತ್ತದೆ. ಜೀವಮಾನವಿಡೀ ಹಾಡುವವರ ಬೆನ್ನಿಗೆ ಕುಳಿತು ಬಾರಿಸಿದವರ ಹೆಸರೇ ಅಲ್ಲಿ ಅನೇಕ ಬಾರಿ ಇರುವುದಿಲ್ಲ. ಹಣ ಕೊಡದೆ ಕೇಳಿದರೆ ವಿಲಂಬಿತ ಮುಗಿದು ದ್ರುತ ಆರಂಭವಾಗುವ ನಡುವೆ ಸಾಲ ಕೊಡುವವನೊಬ್ಬ ಬಂದು ಕೂಗಾಡಿ ಹೋಗುತ್ತಾನೆ. ಬೈಠಕ್ಕಿನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಾವು ಕೈ ಹಿಡಿದು ಹೊರಗೆ ಕಳಿಸುತ್ತಿದ್ದೆವು.

ಇದಕ್ಕಿಂತ ದೊಡ್ಡ ಸಂಗತಿ ಒಡೆತನದ್ದು. 2009ರ ಜುಲೈ ತಿಂಗಳಲ್ಲಿ ಅಮೆರಿಕದಲ್ಲಿ ನಡೆದುದನ್ನು ಕೇಳಿ. ಅಮೆಜಾನ್‌ನವರ ಕಿಂಡಲ್ ಎಂಬ ಓದುವ ಯಂತ್ರದಲ್ಲಿ ಜನರು ಹಣ ಕೊಟ್ಟು ಇಳಿಸಿಕೊಂಡಿದ್ದ ಪುಸ್ತಕವೊಂದು ಒಂದು ದಿನ ಮಾಯವಾಯಿತು. ಮಾರಿದವರಿಗೆ ಅದನ್ನು ಮಾರುವ ಹಕ್ಕು ಇರಲಿಲ್ಲವೆಂದು ಗೊತ್ತಾದಾಗ ಕಂಪನಿಯವರು ದೂರದಿಂದಲೇ ಅಳಿಸಿ, ಹಣ ಮರಳಿಸಿದರು. ಪುಸ್ತಕ ಯಾವುದು ಗೊತ್ತೇ? ಜಾರ್ಜ್ ಆರ್ವೆಲ್ಲನ ‘1984’! ಸರಕಾರವು ಹಳೆಯ ಬರಹಗಳನ್ನು ಅಳಿಸುತ್ತಲೇ ಇರುವ ಕಥೆ. ನಾನು ಕಟ್ಟಿ ಹೇಳಿದ್ದರೆ ನೀವು ನಂಬುತ್ತಿರಲಿಲ್ಲ. ಮುಂದೆ ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್‌ನವರು ತಮ್ಮ ಪುಸ್ತಕದ ಅಂಗಡಿ ಮುಚ್ಚಿದಾಗ, ಅಲ್ಲಿ ಕೊಂಡ ಪುಸ್ತಕಗಳೂ ಹೋದವು. ಹಣ ಮಾತ್ರ ಮರಳಿತು. ಅಂಗಡಿ ಮುಚ್ಚಿತೆಂದು ಅಂಗಡಿಕಾರನು ನಮ್ಮ ಮನೆಗೆ ಬಂದು ಪುಸ್ತಕ ಹೊತ್ತುಕೊಂಡು ಹೋಗುವುದನ್ನು ನಮ್ಮ ಹಿರಿಯರು ಕಂಡಿದ್ದರೇ? 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾಯ್ದೆ ಜಾರಿಗೆ ಬಂದಿದೆ. ಹೀಗೆ ಹಿಂದಕ್ಕೆ ಪಡೆಯಬಹುದಾದ ಸರಕನ್ನು ಮಾರುವಾಗ, ‘ನೀವು ಕೊಳ್ಳುತ್ತಿರುವುದು ಪರವಾನಿಗೆ ಮಾತ್ರ’ ಎಂದು ಅಂಗಡಿಯವರು ಸ್ಪಷ್ಟವಾಗಿ ಹೇಳಬೇಕಂತೆ. ಅಲ್ಲಿಯವರಿಗೆ ಕಾಯ್ದೆ ಮಾಡಿ ತಿಳಿಸಬೇಕಾಯಿತು!

ನಮ್ಮ ದೇಶದ್ದೇ ಜೋಡಿ ಉದಾಹರಣೆ ಕೊಡುತ್ತೇನೆ. ನೋಯ್ಡಾದ ಮೋಸರ್ ಬೇರ್ ಕಂಪನಿ 2007ರ ಹೊತ್ತಿಗೆ 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಮಾರತೊಡಗಿತು. ಮರಾಠಿ ಸಿನಿಮಾಗಳೇ ಹೆಚ್ಚಾಗಿ ಓಡುವ ನಮ್ಮಂಥ ಗಡಿಯ ಊರಿನಲ್ಲಿ ಕನ್ನಡ ಚಿತ್ರವೊಂದನ್ನು ಮಕ್ಕಳಿಗೆ ತೋರಿಸಲು ಆ ಅಗ್ಗದ ತಟ್ಟೆಗಳು ಎಷ್ಟು ನೆರವಾದವೆಂಬುದನ್ನು ಇಲ್ಲಿಯ ಕನ್ನಡ ಮಾಸ್ತರರನ್ನು ಕೇಳಬೇಕು. 2018ರಲ್ಲಿ ಆ ಕಂಪನಿ ದಿವಾಳಿಯಾಗಿ ಮುಚ್ಚಲು ಆದೇಶವಾಯಿತು. ನನ್ನ ಕಪಾಟಿನ ಅವರ ತಟ್ಟೆಗಳಿಗೆ ಈ ಸುದ್ದಿ ತಲುಪಿಲ್ಲ. ಅವು ಇಂದಿಗೂ ಓಡುತ್ತವೆ. ಇನ್ನೊಂದು ಕಡೆ, ಏರ್‌ಟೆಲ್‌ನವರ ವಿಂಕ್ ಮ್ಯೂಸಿಕ್ ಎಂಬ ಹಾಡಿನ ಆ್ಯಪು 2014ರಲ್ಲಿ ಹುಟ್ಟಿ 2024ರಲ್ಲಿ ಮುಚ್ಚಿತು. ಇಂಥ ಆ್ಯಪುಗಳೊಳಗೆ ನೀವು ‘ಡೌನ್‌ಲೋಡ್’ ಮಾಡಿಟ್ಟುಕೊಂಡ ಹಾಡು ಆ್ಯಪಿನ ಬೀಗದೊಳಗೇ ಇರುತ್ತದೆ. ಬೀಗದ ಕೈ ಅವರ ಉಡಿಯಲ್ಲಿ. ಕಂಪನಿ ಸತ್ತರೂ ಬದುಕುವ ಸರಕು ಒಂದು, ಕಂಪನಿಯೊಡನೆ ಸಹಗಮನ ಮಾಡುವ ಸರಕು ಇನ್ನೊಂದು. ಯಾವುದನ್ನು ಭಂಗಾರಕ್ಕೆ ಹಾಕಬೇಕೆಂದು ನನ್ನ ತಮ್ಮನ ಮಗ ಮತ್ತೊಮ್ಮೆ ಯೋಚಿಸಲಿ.

ತಟ್ಟೆಯ ಪಕ್ಷದಲ್ಲಿ ದೋಷವಿಲ್ಲವೆಂದಲ್ಲ. ನಮ್ಮ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿಗೆ ಬೂಸು ಹಿಡಿಯುತ್ತದೆ. ಮನೆಯಲ್ಲಿ ಬರೆದ ಸಿ.ಡಿ.ಗಳಲ್ಲಿ ಕೆಲವು ಹತ್ತು ವರ್ಷಕ್ಕೇ ಮೂಕವಾಗುತ್ತವೆ. ಅಮೆರಿಕದಿಂದ ಅಕ್ಕರೆಯಿಂದ ತಂದುಕೊಟ್ಟ ಡಿ.ವಿ.ಡಿ. ಇಲ್ಲಿಯ ಯಂತ್ರದಲ್ಲಿ ಓಡುವುದಿಲ್ಲ, ಏಕೆಂದರೆ ಕಂಪನಿಗಳು ಜಗತ್ತನ್ನು ವಲಯಗಳಾಗಿ ಹಂಚಿಕೊಂಡು ಅಮೆರಿಕಕ್ಕೆ 1, ನಮಗೆ 5 ಎಂದು ಅಂಕಿ ಕೊಟ್ಟಿವೆ. (ನೋಡಿ, ಬೀಗ ಹಾಕುವ ಬುದ್ಧಿ ಅವರಿಗೆ ಆಗಲೇ ಇತ್ತು.) ಹೊಸ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಹಾಕುವ ಜಾಗವೇ ಇಲ್ಲ. ರಿಪೇರಿ ಮಾಡುವವರು ವಿರಳ.

ವಸ್ತು ಮಾತ್ರ ಇದ್ದರೆ ಸಾಲದು ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿಯಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಚಿತ್ರೀಕರಣಗೊಂಡದ್ದು ಇಲ್ಲಿಂದ ಒಂದು ತಾಸಿನ ದಾರಿಯ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ತೆರೆ ಕಂಡದ್ದು 1934ರಲ್ಲಿ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ನಟಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದೂ ವಸ್ತುವೇ ಆಗಿತ್ತು, ಮುಟ್ಟಿ ನೋಡಬಹುದಾದ ರೀಲೇ ಆಗಿತ್ತು. ಆದರೂ ಏಕೆ ಹೋಯಿತು? ಸಿನಿಮಾದ ರೀಲುಗಳು ಮಂದಿಯ ಮನೆಗೆ ಬರಲಿಲ್ಲ. ಇದ್ದ ಕೆಲವೇ ಪ್ರತಿಗಳು ನಿರ್ಮಾಪಕರ, ಹಂಚಿಕೆದಾರರ ಕೈಯಲ್ಲಿದ್ದವು. ಅದೇ ಕಾಲದಲ್ಲಿ ಹುಬ್ಬಳ್ಳಿಯ ಹುಡುಗಿ ಗಂಗೂಬಾಯಿಯವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ಪ್ಲೇಟುಗಳು ಉಳಿದಿವೆ. ಒಡೆಯುವ ಅರಗಿನವೇ ಆದರೂ ಉಳಿದಿವೆ, ಏಕೆಂದರೆ ಅವು ಎಷ್ಟೋ ಮನೆಗಳ ಅಟ್ಟದ ಮೇಲೆ ಚದುರಿಹೋಗಿದ್ದವು. ಒಂದು ಮನೆಯಲ್ಲಿ ಒಡೆದರೆ ಇನ್ನೊಂದು ಮನೆಯಲ್ಲಿ ಇತ್ತು. ಇಂದು ಯೂಟ್ಯೂಬಿನಲ್ಲಿ ನೀವು ಕೇಳುವ ಹಳೆಯ ಹಾಡುಗಳಲ್ಲಿ ಎಷ್ಟೋ ಅಂಥ ಅಟ್ಟಗಳಿಂದಲೇ ಹೋದವು, ‘ಭಂಗಾರಕ್ಕೆ ಹಾಕು’ ಎಂಬ ಮಾತನ್ನು ಕೇಳದ ಹಟಮಾರಿ ಮುದುಕರೊಬ್ಬರ ದೆಸೆಯಿಂದ. ಎಲ್ಲರೂ ತಮ್ಮ ಕಪಾಟು ಖಾಲಿ ಮಾಡಿ ಮೂರೋ ನಾಲ್ಕೋ ಕಂಪನಿಗಳ ಕಣಜವನ್ನು ನಂಬಿ ಕುಳಿತರೆ, ನಾವು ಮತ್ತೆ ‘ಸತಿ ಸುಲೋಚನ’ದ ಸ್ಥಿತಿಗೆ ಹಿಂದಿರುಗಿದಂತೆ.

ಇಷ್ಟೆಲ್ಲ ಹೇಳಿದರೂ ನನ್ನ ತಮ್ಮನ ಮಗನು, “ಆದರೂ ಎಲ್ಲಾ ಸಿಗತೈತಿ ಕಾಕಾ” ಎನ್ನುತ್ತಾನೆ. ಹಾಗಾದರೆ ಇದನ್ನು ಹುಡುಕಿಕೊಡಲಿ: ನಮ್ಮ ಶಾಲೆಯ 1986ರ ಗ್ಯಾದರಿಂಗಿನ ಕ್ಯಾಸೆಟ್ಟು. ನಿಮ್ಮಲ್ಲಿ ಕೆಲವರ ಧ್ವನಿ ಅದರಲ್ಲಿದೆ. ಇಂದು ಬ್ಯಾಂಕಿನ ಮ್ಯಾನೇಜರ್ ಆಗಿರುವವನು ನಾಟಕದಲ್ಲಿ ಮಾತು ಮರೆತು ನಿಂತದ್ದು, ಪರದೆಯ ಹಿಂದಿನಿಂದ ನಾನು ಹೇಳಿಕೊಟ್ಟದ್ದು ಎರಡೂ ಕೇಳಿಸುತ್ತವೆ. ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಭಾವಗೀತೆ ಹಾಡಿದ್ದಾನೆ. ಹಾರ್ಮೋನಿಯಂ ಒಂದು ಸ್ವರ ತಪ್ಪಿದರೂ ಅವನು ತಪ್ಪಲಿಲ್ಲ. ಮುಂದೆ ಕೆಲವೇ ವರ್ಷಗಳಲ್ಲಿ ಅವನು ಹೆದ್ದಾರಿಯಲ್ಲಿ ಅಪಘಾತಕ್ಕೆ ತುತ್ತಾಗಿ ಹೋದದ್ದು ನಿಮಗೆ ತಿಳಿದೇ ಇದೆ. ಅವನ ಮನೆಯಲ್ಲಿ ಉಳಿದದ್ದು ಒಂದು ಫೋಟೋ ಮಾತ್ರ.

ಆ ಕ್ಯಾಸೆಟ್ಟನ್ನು 2004ರಲ್ಲಿ ವಿದ್ಯಾರ್ಥಿಯೊಬ್ಬನು ಸಿ.ಡಿ.ಗೆ ಇಳಿಸಿಕೊಟ್ಟನು. ಕಳೆದ ದೀಪಾವಳಿಯ ಮರುದಿನ ಆ ಹುಡುಗನ ಅಕ್ಕ ಇಚಲಕರಂಜಿಯಿಂದ ಬಂದಿದ್ದರು. ಹಾಡು ಎರಡು ನಿಮಿಷ ನಲವತ್ತು ಸೆಕೆಂಡು ಇದೆ. ಮೂರು ಸಲ ಕೇಳಿದರು. “ಇವನ ದನಿ ಮರೆತೇಹೋಗಿತ್ರಿ ಸರ್” ಎಂದರು. ಹೋಗುವಾಗ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದರು.

ಗಮನಿಸಿ, ಅವರು ಒಯ್ದದ್ದು ಫೈಲನ್ನೇ. ಬೀಗವಿಲ್ಲದ ಫೈಲು, ಯಾರ ಪರವಾನಿಗೆಯೂ ಬೇಡ, ತಿಂಗಳ ಬಾಡಿಗೆಯೂ ಇಲ್ಲ. ಅಂಥ ಫೈಲಿನ ಮೇಲೆ ನನಗೆ ಸಿಟ್ಟಿಲ್ಲ, ಅದು ನನ್ನ ಕಪಾಟಿನ ತಂಗಿಯೇ. ಆದುದರಿಂದ ಉಪದೇಶಕರಿಗೆ ನನ್ನ ಪ್ರತ್ಯುಪದೇಶ ಇಷ್ಟೇ: ನನ್ನ ಕಪಾಟು ಖಾಲಿ ಮಾಡಿಸುವ ಹುಮ್ಮಸ್ಸಿನಲ್ಲಿ ಅರ್ಧದಷ್ಟನ್ನು ಅದನ್ನು ನಕಲು ಮಾಡಿಕೊಳ್ಳುವುದಕ್ಕೆ ಖರ್ಚು ಮಾಡಿ. ಸಿ.ಡಿ.ಯನ್ನು ಏನನ್ನೂ ಬಿಡದ ರೂಪದಲ್ಲಿ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಒಂದು ಪ್ರತಿ ಪುಣೆಯಲ್ಲಿರಲಿ, ಒಂದು ನಿಪ್ಪಾಣಿಯಲ್ಲಿರಲಿ. ಇಳಿಸಿಕೊಂಡ ಮೇಲೂ ತಟ್ಟೆಯನ್ನು ಬಿಸಾಡಬೇಡಿ; ಅದು ತಿನ್ನುವುದು ಒಂದು ಗೇಣು ಜಾಗವನ್ನು ಮಾತ್ರ. ನಿಮ್ಮ ನಿಮ್ಮ ಮನೆಗಳ ಅಟ್ಟದ ಮೇಲೆ ಅಜ್ಜನ ಕಾಲದ ಪ್ಲೇಟುಗಳಿದ್ದರೆ, ಬಾಲಗಂಧರ್ವರದೇ ಇರಲಿ, ಅಮೀರಬಾಯಿ ಕರ್ನಾಟಕಿಯವರದೇ ಇರಲಿ, ನೇರವಾಗಿ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಭಾರಕ್ಕೆ ಕೆಳಗಿನವು ಸೀಳುತ್ತವೆ.

ಈಗ ನನ್ನದೊಂದು ಕೆಲಸವಿದೆ. 1989 ಮತ್ತು 1991ರ ಗ್ಯಾದರಿಂಗಿನ ಎರಡು ಕ್ಯಾಸೆಟ್ಟುಗಳು ನನ್ನಲ್ಲಿವೆ, ಟೇಪ್‌ರೆಕಾರ್ಡರಿನ ಬೆಲ್ಟು ಹರಿದಿದೆ. ಯಾರ ಮನೆಯಲ್ಲಾದರೂ ಸರಿಯಾಗಿ ಓಡುವ ಯಂತ್ರವಿದ್ದರೆ ಎರಡು ವಾರದ ಮಟ್ಟಿಗೆ ಕೊಡಬೇಕು. 1987ರ ಕ್ಯಾಸೆಟ್ಟನ್ನು ನಿಮ್ಮಲ್ಲಿ ಯಾರೋ ಒಬ್ಬರು ಕೇಳಿ ಕೊಡುತ್ತೇನೆಂದು ಒಯ್ದಿದ್ದೀರಿ. ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಮರಳಿ ಕೊಟ್ಟರೆ ಬೈಯುವುದಿಲ್ಲ.